ಒಂದೇ ಫೋಟೋ, ಎರಡು ಬಣ್ಣದ ಮದುಮಗ

“ತುಲಾ ಹೇ ಜಮಣಾರ ನಾಹೀ,” ಎಂದಿದ್ದರು ಕೊಲ್ಹಾಪುರದ ಸ್ಟುಡಿಯೋ ಮಾಲೀಕರು. ಏಳನೇ ತರಗತಿ ಓದಿದ ನಿನ್ನ ಕೈಲಿ ಕಂಪ್ಯೂಟರ್ ಕೆಲಸ ಆಗದು, ಪಾಸ್‌ಪೋರ್ಟ್ ಫೋಟೋ ಕತ್ತರಿಸಿಕೊಂಡಿರು ಎಂದು. ಕತ್ತರಿಯನ್ನು ಅವರ ಮೇಜಿನ ಮೇಲೇ ಇಟ್ಟು ಇಚಲಕರಂಜಿಗೆ ಬಂದು ಸ್ವಂತ ಸ್ಟುಡಿಯೋ ತೆರೆದೆ. ಫೋಟೋದ ಬೆಳಕು ತಿದ್ದುವವರ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ನನಗೆ ಅದು ಮೊದಲ ಮದುವೆ ಆಲ್ಬಮ್ಮಿನಲ್ಲೇ ಶುರುವಾಯಿತು. ಇದು ಕೆಟ್ಟರೆ ಎರಡನೆಯದು ಸಿಗುವುದಿಲ್ಲ ಎಂಬುದೂ ಗೊತ್ತಿತ್ತು.

ಮನೆಯಲ್ಲಿರುವವನು

ಅಕಿವಾಟದ ಕುರಿಗಾರರ ಮನೆಯ ಮದುವೆ. ತಿದ್ದುವ ಸಾಫ್ಟ್‌ವೇರಿನಲ್ಲಿ ಮದುಮಗ ಬೆಳ್ಳಗೆ ಹೊಳೆಯುತ್ತಿದ್ದ. ಅದೇ ಫೋಟೋವನ್ನು ಬೇರೆ ಪ್ರೋಗ್ರಾಮಿನಲ್ಲಿ ತೆರೆದರೆ ಕಪ್ಪಿಟ್ಟಿದ್ದ. ಸ್ಟುಡಿಯೋದಲ್ಲಿ ನನ್ನ ಪಕ್ಕ ಕೂತಿದ್ದ ಅವನ ತಾಯಿ ಎರಡನ್ನೂ ನೋಡಿದರು.

“ಇದ್ಯಾಕವ್ವಾ ಹಿಂಗ?”

“ಫೋಟೋ ಒಂದ ರೀ ಮಾವಶಿ. ತೋರಸೂ ಪ್ರೋಗ್ರಾಮ್ ಬ್ಯಾರೆ.”

“ಹಂಗಾರ ಬೆಳ್ಳಗಿನವನ್ನ ಕೊಡು. ಕರಿಯವ ಮನ್ಯಾಗ ಅದಾನ.”

ಹನ್ನೊಂದು ಕುರಿ

ಎರಡರಲ್ಲೂ ಬೆಳ್ಳಗೆ ಕಾಣಲಿ ಎಂದು ಎಲ್ಲ ಫೋಟೋಗಳ ಬೆಳಕು ಏರಿಸಿ ಮೊಬೈಲಿಗೆ ಕಳಿಸಿದೆ. ಮರುದಿನ ಮದುಮಗನ ತಂದೆಯ ಫೋನು.

“ತಂಗಿ, ಮನಿ ಮುಂದ ಹದಿನೆಂಟು ಕುರಿ ನಿಲ್ಲಿಸಿದ್ದೆ. ಫೋಟೋದಾಗ ಹನ್ನೊಂದ ಅದಾವ!”

ಬಿಳಿ ಕುರಿಗಳೆಲ್ಲ ಸುಣ್ಣದ ಗೋಡೆಯಲ್ಲಿ ಕರಗಿಹೋಗಿದ್ದವು.

“ಬೆಳಕು ಭಾಳ ಆತ್ರಿ ಕಾಕಾ.”

“ತೋಳ ಸೈತ ಒಮ್ಮಿಗೆ ಒಂದ ಒಯ್ತೈತಿ, ನೀ ಏಳು ನುಂಗಿದಿ! ಹಿಂಗಾದ್ರ ಆಲ್ಬಮ್ ಬ್ಯಾಡ.”

ಕಂಬಳಿ ಪರೀಕ್ಷೆ

ನಿಘಂಟು ತೊಡೆಯ ಮೇಲಿಟ್ಟುಕೊಂಡು ಸಾಫ್ಟ್‌ವೇರಿನ ಇಂಗ್ಲಿಷ್ ಪುಟಗಳನ್ನು ಒಂದೊಂದೇ ಪದ ಬಿಡಿಸಿ ಓದಿದೆ. ಕಳ್ಳ ಸಿಕ್ಕಿದ. ಬಣ್ಣ ಹೇಗೆ ತೋರಿಸಬೇಕೆಂದು ಹೇಳುವ ಪ್ರೊಫೈಲ್ ಎಂಬ ಕಡತವನ್ನು ಹಳೇ ಮಾನಿಟರಿಗೆ ಯಾರೋ ತಪ್ಪಾಗಿ ಹಾಕಿಟ್ಟಿದ್ದರು. ತಿದ್ದುವ ಸಾಫ್ಟ್‌ವೇರ್ ಅದರ ಮಾತು ಕೇಳುತ್ತಿತ್ತು, ಇನ್ನೊಂದು ಪ್ರೋಗ್ರಾಮ್ ಕೇಳುತ್ತಿರಲಿಲ್ಲ. ಅದನ್ನು ಕಿತ್ತೆಸೆದೆ, ಮಾನಿಟರಿನ ಬೆಳಕನ್ನು ಹದಕ್ಕೆ ತಂದೆ, ಫೋಟೋಗಳನ್ನು ಮೊದಲಿನಿಂದ ತಿದ್ದಿ ಕಾಕಾನನ್ನು ಕರೆದೆ.

ಅವರು ಹೆಗಲಿನ ಕರಿ ಕಂಬಳಿಯನ್ನು ಪರದೆಯ ಪಕ್ಕ ಹಿಡಿದರು. ಫೋಟೋದಲ್ಲೂ ಅದೇ ಕಂಬಳಿ ಹೊದ್ದಿದ್ದರಲ್ಲ! ಎರಡೂ ಪ್ರೋಗ್ರಾಮು, ಮೊಬೈಲು, ಪ್ರಿಂಟು, ಎಲ್ಲದರಲ್ಲೂ ಅದೇ ಕರಿ.

“ಖರೇನ ಸರಿ ಐತಿ,” ಎಂದರು. “ತೂತು ಸೈತ ಬಂದೈತಿ. ಅದನ್ನಷ್ಟು ಮುಚ್ಚಿ ಕೊಡವ್ವಾ.”

ಕಿವಿಯ ಗುರುತು

ಆಲ್ಬಮ್ ಒಯ್ದು ಅಕಿವಾಟದ ಕಟ್ಟೆಯ ಮೇಲೆ ತೆರೆದೆ. ಹದಿನೆಂಟೂ ಕುರಿ ಎದ್ದು ಕಾಣುತ್ತಿದ್ದವು. ಊರೇ ಹೊಗಳುವಾಗ ಬಗ್ಗಿ ನೋಡುತ್ತಿದ್ದ ಪಕ್ಕದ ಮನೆಯವರು ಕೂಗಿದರು:

“ಏ, ಈ ಕಿವಿ ಗುರುತು ನಂದೈತಿ! ನನ್ನ ಕುರಿ ಕಳದು ತಿಂಗಳಾತು!”

“ತಾನ ಬಂದು ನಿಂತಿರಬೇಕು ಬಿಡಪಾ,” ಎಂದ ಕಾಕಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ತಂಗಿ, ಇದೊಂದಕ್ಕ ಮೊದಲಿನಂಗ ಬೆಳಕ ಏರಸ್ತೀಯೇನ?”

“ಆಗೂದಿಲ್ರಿ ಕಾಕಾ. ಇನ್ನ ಎದರಾಗ ತೆರದ್ರೂ ಅದು ಕಾಣೂದ.”

ಪಕ್ಕದ ಮನೆಯವರು ಕುರಿಯನ್ನು ಎಳೆದುಕೊಂಡು ಹೋಗುತ್ತಲೇ ಮಗಳ ಮದುವೆಯ ಫೋಟೋ ಕೆಲಸ ನನಗೇ ಎಂದು ಸಾರಿದರು.

ಇಂದು ಇಚಲಕರಂಜಿಯಲ್ಲಿ ನನ್ನ ಸ್ವಂತ ಅಂಗಡಿಯಿದೆ, ಗಡಹಿಂಗ್ಲಜದಲ್ಲಿ ಶಾಖೆಯಿದೆ, ಮೂರು ಹೊಸ ಮಾನಿಟರುಗಳಿವೆ. ತೆತ್ತದ್ದು ತವರಿನ ಚಿನ್ನದ ಬಿಲ್ವಾರ ಬಳೆ, ಎರಡು ವರ್ಷದ ಭಾನುವಾರಗಳು, ಮೂಗಿನ ಮೇಲಿನ ಈ ದಪ್ಪ ಕನ್ನಡಕ.