ಮನೆ ನೋಡಲು ಹೋಗಿ ಚಿಮಣಿ ಹತ್ತಿದ ಮಾವ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನೆಯವರನ್ನಲ್ಲ, ಚಿಮಣಿಯನ್ನು! ಗೇಟಿನ ಹತ್ತಿರವೇ ಕತ್ತೆತ್ತಿ ನಿಂತು, ಹೊಗೆಯ ಬಣ್ಣ ನೋಡಿ, "ಹಸಿ ಸೌದೆ" ಎಂದು ಗೊಣಗಿದ ಮೇಲೇ ಚಪ್ಪಲಿ ಬಿಡುವುದು. ಕ್ಷೇಮಸಮಾಚಾರ ಏನಿದ್ದರೂ ಆಮೇಲೆ.

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು ಪೇಪರ್ ಓದಿಕೊಂಡು ಹಾಯಾಗಿರಬಾರದೇ? ಇವರು ಒಂದಕ್ಕೊಂದು ಜೋಡಿಸುವ ಪೈಪುಗಳ ತುದಿಗೆ ತೆಂಗಿನ ನಾರಿನ ಕುಂಚ ಕಟ್ಟಿಕೊಂಡು, ಹಳೆಯ ಖಾಕಿ ತೊಟ್ಟು, ನಮ್ಮೂರ ಗಾಂಧಿ ಬಜಾರಿನ ಬೇಕರಿಯಿಂದ ಹಿಡಿದು ಕಂಡವರ ಬಚ್ಚಲೊಲೆಯವರೆಗೆ ಹೊಗೆಕೊಳವೆ ಗುಡಿಸುವ ಉದ್ಯೋಗಕ್ಕೆ ಇಳಿದರು. ಮನೆಯಲ್ಲಿ ಅವರಿಗೆ ಬೇರೆ ಬಕೆಟ್ಟು, ಬೇರೆ ಸೋಪು. "ಬಟ್ಟೆ ಒಗೆಯೋಕೆ ಮಷಿನ್ ಬಂದಿದೆ. ಇವರನ್ನ ಒಗೆಯೋಕೆ ಏನು ತರೋದು ಮಾರಾಯ್ತಿ?" ಎನ್ನುವುದು ಅತ್ತೆಯ ನಿತ್ಯದ ಪ್ರಶ್ನೆ.

ಒಮ್ಮೆ ನಮ್ಮೂರ ಕೋಟೆ ಬಡಾವಣೆಯಲ್ಲಿ ನೆಂಟರ ಗೃಹಪ್ರವೇಶ. ಹೋಮದ ಹೊಗೆಗೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾ ಭಕ್ತಿಯಿಂದ ಕೂತಿದ್ದರೆ ಮಾವ ಎದ್ದು ನಿಂತೇಬಿಟ್ಟರು. "ಭಟ್ರೇ, ಮಂತ್ರ ಒಂದ್ನಿಮಿಷ ನಿಲ್ಸಿ. ಹೊಗೆ ಹೋಗೋಕೆ ದಾರಿ ಎಲ್ಲಿದೆ?" ಅಂದು ಕಿಟಕಿ ತೆಗೆಯಲು ಹೋಗಿ ಮಾವಿನ ತೋರಣವನ್ನೇ ಕಿತ್ತು ಕೈಯಲ್ಲಿ ಹಿಡಿದಿದ್ದರು!

ಇಂಥವರನ್ನು ನನ್ನ ಮದುವೆ ಮಾತುಕತೆಗೆ ಕರೆದುಕೊಂಡು ಹೋಗಬಹುದೇ? ಹೋಗಲೇಬೇಕಿತ್ತು. ಹೊಳೆಹೊನ್ನೂರಿನ ಹುಡುಗ ನನ್ನನ್ನು ಒಪ್ಪಿದ್ದ, ನಾನೂ ಅವನನ್ನು ಒಪ್ಪಿದ್ದೆ. ಉಳಿದದ್ದು ನಮ್ಮವರು ಹುಡುಗನ ಮನೆ ನೋಡಿ ಬರುವುದು. ಸೋದರಮಾವನಿಲ್ಲದೆ ಆ ಶಾಸ್ತ್ರ ಹೇಗೆ? ಈ ಕಾಲದಲ್ಲಿ ಹುಡುಗಿ ಬಂದರೆ ತಪ್ಪೇನು ಎಂದು ನಾನೂ ಅಮ್ಮ, ಮಾವನ ಜೊತೆ ಕಾರು ಹತ್ತಿದೆ. ಡಿಕ್ಕಿಯಲ್ಲಿ ಕುಂಚ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಹುಡುಗನ ತಾಯಿ ಸೌದೆ ಒಲೆಯ ಕೆಂಡದ ಮೇಲೆ ಕೇಸರಿಬಾತು ಬೆಚ್ಚಗಿಟ್ಟು, ಸೆರಗು ಬಾಯಿಗೆ ಹಿಡಿದು ಕೆಮ್ಮುತ್ತಾ ಬಂದು ಕಾಫಿ ಕೊಟ್ಟರು. ಮಾವನ ಕೈಯ ಲೋಟ ಅಲ್ಲೇ ನಿಂತಿತು. "ಹಿತ್ತಲು ನೋಡ್ಕೊಂಡು ಬರ್ತೀನಿ" ಎಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಧೊಪ್ಪೆಂದು ಸದ್ದು! ಓಡಿಹೋಗಿ ನೋಡಿದರೆ ಒಲೆಯ ಬಾಯಿಂದ ಮಸಿ ಉಕ್ಕಿ ಬಂದು, ಕೇಸರಿಬಾತು ಎಳ್ಳುಂಡೆಯ ಬಣ್ಣಕ್ಕೆ ತಿರುಗಿತ್ತು. ಒಲೆ ಆರಿಸಿ, ಬಾಯಿಗೆ ಒದ್ದೆ ಗೋಣಿ ಮುಚ್ಚದೆ ಕುಂಚ ಇಳಿಸಬಾರದು ಎಂದು ಊರಿಗೆಲ್ಲ ಪಾಠ ಹೇಳುವವರು ಮಾಡು ಹತ್ತುವ ಆತುರದಲ್ಲಿ ಅದನ್ನೇ ಮರೆತಿದ್ದರು! ಹಿತ್ತಲ ಬಾಗಿಲಲ್ಲಿ ಹಲ್ಲು ಮಾತ್ರ ಬೆಳ್ಳಗಿದ್ದ ಆಕೃತಿಯೊಂದು ಕೈಮುಗಿದು ನಿಂತಿತ್ತು. ಹುಡುಗನ ತಂದೆ ನಮ್ಮನ್ನು ಗೇಟಿನವರೆಗೂ ಬಿಡಲು ಬರಲಿಲ್ಲ.

ಕಾರಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. "ನನ್ನ ಮದುವೆ ಮುರಿದ್ರಲ್ಲ ಮಾವ!" ಎಂದೆ.

ಮಾವ ಮಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಆಯಮ್ಮ ಕೆಮ್ಮಿದ್ದು ಕೇಳಿಸ್ತೇನೇ? ನಿಮ್ಮಮ್ಮನೂ ಹಂಗೇ ಕೆಮ್ತಾಳಲ್ಲ. ಅವಳ ಮದುವೆಗೆ ಮುಂಚೆ ಮನೆ ನೋಡೋಕೆ ಹೋದೋನು ನಾನೇ. ಬಾವಿ ನೋಡ್ದೆ, ಗದ್ದೆ ನೋಡ್ದೆ, ಕೊಟ್ಟಿಗೆನೂ ನೋಡ್ದೆ. ಹೊಗೆ ಎಲ್ಲಿಂದ ಹೋಗುತ್ತೆ ಅಂತ ನೋಡ್ಲಿಲ್ಲ ಕಣೇ."

ಪಕ್ಕದಲ್ಲಿ ಕೂತಿದ್ದ ಅಮ್ಮ ತಮ್ಮನ ಮಸಿ ಕೈಯನ್ನು ತನ್ನ ರೇಷ್ಮೆ ಸೆರಗಿನಲ್ಲೇ ಒರೆಸತೊಡಗಿದಳು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಮಾರನೆಯ ದಿನ ಹುಡುಗನ ತಾಯಿಯದೇ ಫೋನು. "ಒಲೆ ಭರ್ರಂತ ಉರೀತಿದೆ, ಒಳಗೆ ಒಂದೆಳೆ ಹೊಗೆ ಇಲ್ಲ. ನಮ್ಮನೆಯವ್ರಿಗೆ ನಾನು ಹೇಳಿದೀನಿ. ಲಗ್ನ ಇಡ್ಸಿ. ಕೇಸರಿಬಾತು ಮಾತ್ರ ನಿಮ್ಮ ಕಡೆದೇ!"

ಈಗ ನನ್ನ ಗಂಡನ ಮನೆಯಲ್ಲಿ ಪ್ರತಿ ದೀಪಾವಳಿಗೆ, ಬಚ್ಚಲ ಹಂಡೆ ತೊಳೆದು ನೀರು ತುಂಬುವ ಮೊದಲು, ಮಾವ ಕುಂಚದೊಂದಿಗೆ ಹಾಜರು. ನಾನು ಒಲೆ ಆರಿಸಿ ಒದ್ದೆ ಗೋಣಿ ಹೊದಿಸುತ್ತೇನೆ. ಕೆಲಸ ಮುಗಿದು ಗೋಣಿ ತೆಗೆದಾಗ ಕೊಳವೆಯೊಳಗಿಂದ ಅವರ ದನಿ ಇಳಿದು ಬರುತ್ತದೆ.

"ಕೆಮ್ಮು ಗಿಮ್ಮು ಏನಾದ್ರೂ ಇದೆಯೇನೇ?"

"ಇಲ್ಲ ಮಾವ."

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು."

ಅವರ ಕಿವಿ ಚೆನ್ನಾಗಿಯೇ ಇದೆ. ನಾನು ಇನ್ನೊಂದು ಸಲ ಹೇಳುತ್ತೇನೆ.