ಲಟ್ಟಣಿಗೆ ಹಿಡಿದವನಿಗೆ ಮಾತ್ರ ಸೀಟು

ನನ್ನ ಹೆಂಡತಿಯ ಅಣ್ಣನಿಗೆ ಹುಚ್ಚು ಎಂದು ಮೊದಲು ಹೇಳಿದವನು ನಾನೇ. ಆದರೆ ನೀವೇ ಹೇಳಿ, ಕಾಮಾಲೆಗೆ ನಾಟಿಮದ್ದು ತೆಗೆದುಕೊಳ್ಳಲು ಪುತ್ತೂರಿಗೆ ಬಂದವನು ಸುಮ್ಮನೆ ಮಲಗಬೇಕಲ್ಲ!

ಎಂಬತ್ತರ ದಶಕದ ಕೊನೆ. ಅವನಿಗೆ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸ. ಮದ್ದಿನ ಜೊತೆ ಒಂದು ಹೊರೆ ಪ್ರೋಗ್ರಾಮು ಕಾಗದ. ಕರ್ನೆಲ್ ಎಂಬ ಯಜಮಾನ ಪ್ರೋಗ್ರಾಮು ಖಾಲಿ ಮೆಮೊರಿಯನ್ನು ಕೇಳಿದವರಿಗೆಲ್ಲ ಹಂಚುತ್ತದೆ. ಹೊಸ ಮೆಷಿನಿನಲ್ಲಿ ಎರಡು ಪ್ರೊಸೆಸರ್. ಎರಡೂ ಒಟ್ಟಿಗೆ ಕೇಳಿದರೆ ಒಂದೇ ಜಾಗ ಎರಡಕ್ಕೂ ಹೋಗುತ್ತದಂತೆ! ಅದನ್ನು ಸರಿಪಡಿಸುವುದು ಅವನ ಐದು ವರ್ಷದ ಕನಸು.

ಪುತ್ತೂರಿನ ದರ್ಬೆಯ ನನ್ನ ಊಟದ ಹೋಟೆಲಿನಲ್ಲಿ ಕೂತು ಉಪ್ಪಿಲ್ಲದ ಗಂಜಿ ಕುಡಿಯುತ್ತಿದ್ದವನು ಥಟ್ಟನೆ ಎದ್ದ. ಸಪ್ಲಾಯರ್‌ಗಳಾದ ಐತಪ್ಪ, ಶೀನಪ್ಪ ಇಬ್ಬರೂ ಒಂದೇ ಸೀಟಿಗೆ ಬೇರೆ ಬೇರೆ ಗಿರಾಕಿಗಳನ್ನು ಕರೆದಿದ್ದರು.

"ಭಾವಾ, ಇದೇ ನನ್ನ ಕರ್ನೆಲ್ ಮಾರಾಯ!"

ಮರುದಿನದಿಂದ ಲಟ್ಟಣಿಗೆ ಕೈಯಲ್ಲಿದ್ದವನು ಮಾತ್ರ ಸೀಟು ತೋರಿಸಬೇಕೆಂದು ಅವನ ಕಾನೂನು; ಅವನ ಪ್ರೋಗ್ರಾಮಿನಲ್ಲಿ ಇಂಥದ್ದಕ್ಕೆ ಬೀಗ ಎನ್ನುತ್ತಾರಂತೆ. ಐತಪ್ಪ ಲಟ್ಟಣಿಗೆ ಸಮೇತ ಬೀಡಿ ಸೇದಲು ಹಿತ್ತಿಲಿಗೆ ಹೋದ. ಜನ ರಸ್ತೆವರೆಗೆ ನಿಂತರು! ಇವನಿಗೆ ಆನಂದ: "ಬೀಗ ಹಿಡ್ಕೊಂಡು ನಿದ್ದೆ ಮಾಡ್ಬಾರ್ದು!" ಎಂದು ಕಾಗದದಲ್ಲಿ ಗೀಚಿದ.

ಆಮೇಲೆ ಬಾಳೆಎಲೆ ಹಾಕಲು ಬೇರೆ ಗುರುತು, ಸೌಟು; ಗಿರಾಕಿಯನ್ನು ಊಟಕ್ಕೆ ಕೂರಿಸಲು ಎರಡೂ ಕೈಯಲ್ಲಿರಬೇಕು. ಐತಪ್ಪ ಲಟ್ಟಣಿಗೆ ಹಿಡಿದು ಸೌಟಿಗೆ ಕಾದ. ಶೀನಪ್ಪ ಸೌಟು ಹಿಡಿದು ಲಟ್ಟಣಿಗೆಗೆ ಕಾದ.

"ನೀ ಮೊದ್ಲು ಕೊಡು."

"ನಾನ್ಯಾಕೆ ಕೊಡುದು? ನೀನೇ ಕೊಡು!"

"ಎಂತ ಮಾರಾಯ್ರೆ, ಇದು ಊಟವಾ ಕುಸ್ತಿಯಾ?" ಎಂದು ಗಿರಾಕಿಗಳು ಎದ್ದು ಎದುರಿನ ಹೋಟೆಲಿಗೆ ನಡೆದರು. ಇವನೋ ಕುಣಿಯುತ್ತಿದ್ದ: "ಯಾರೇ ಆಗ್ಲಿ, ಮೊದ್ಲು ಲಟ್ಟಣಿಗೆ, ಆಮೇಲೆ ಸೌಟು! ಸಿಕ್ಕಿತು ಭಾವಾ!"

ಅದೇ ಹೊತ್ತಿಗೆ ಹೈದರಾಬಾದಿನಿಂದ ಫೋನು. ಆ ಕರ್ನೆಲ್ ಸರಿಪಡಿಸುವ ಕೆಲಸಕ್ಕೆ ಅವನಿಗಾಗಿ ಕಾಯಬಹುದೇ ಎಂದು ಅವನ ಮೇಲಧಿಕಾರಿ ಕೇಳಿದರು. ಸಿಟ್ಟಿನಲ್ಲಿದ್ದ ನಾನು ಹೈಸ್ಕೂಲಿನ ಹರಕು ಇಂಗ್ಲಿಷಿನಲ್ಲೇ ಹೇಳಿಬಿಟ್ಟೆ: ಕಾಯಬೇಡಿ, ಅವನಿಗೆ ತಲೆ ಕೆಟ್ಟಿದೆ, ಲಟ್ಟಣಿಗೆ ಹಿಡಿದು ಆಡುತ್ತಿದ್ದಾನೆ.

ವಾರದಲ್ಲಿ ಅವನಿಗೆ ಕಾಗದ ಬಂತು. ಕೆಲಸ ಬೇರೆಯವನ ಪಾಲಾಗಿತ್ತು. ಓದಿ, ಮಡಚಿ, ಜೇಬಿಗಿಟ್ಟ. ನನ್ನ ಹೆಂಡತಿ ಕೇಳಿದಾಗ, "ಆರೋಗ್ಯ ನೋಡ್ಕೋ ಅಂತ ಬರ್ದಿದ್ದಾರೆ" ಎಂದ. ಮೂರು ದಿನ ಕೂತು, ಕಂಡುಹಿಡಿದದ್ದನ್ನೆಲ್ಲ ಚೊಕ್ಕವಾಗಿ ಬರೆದು, ಆ ಬೇರೆಯವನ ಹೆಸರಿಗೆ ವಿಳಾಸ ಹಾಕಿ ಅಂಚೆಗೆಂದು ನನ್ನ ಕೈಗೇ ಕೊಟ್ಟ. ನಾನು ಮೆಟ್ಟಿಲು ಇಳಿಯುವಾಗ ಮೆಲ್ಲನೆ ಕರೆದ.

"ಭಾವಾ, ನೀ ಫೋನಲ್ಲಿ ಹೇಳಿದ್ದನ್ನ ಅವ್ರು ಕಾಗದದಲ್ಲಿ ಬರ್ದಿದ್ದಾರೆ. ತಂಗಿಗೆ ಹೇಳ್ಬೇಡ ಆಯ್ತಾ. ಅವ್ಳು ಸುಮ್ನೆ ನಿಂಗೆ ಬೈತಾಳೆ."

ಇಷ್ಟು ವರ್ಷ ಹೇಳಿರಲಿಲ್ಲ. ಇದನ್ನು ಓದಿಯಾದರೂ ಅವಳು ಬೈಯಲಿ.