ಸಮುದ್ರದ ಮೀನಿಗೆ ಮೂರು ನೀರು

ಶಾಲೆಯನ್ನು ಅರ್ಧಕ್ಕೆ ಬಿಟ್ಟವನಿಗೆ ಒಂದು ದೊಡ್ಡ ಅನುಕೂಲವಿದೆ. ಯಾವ ಕೆಲಸ ಆಗುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ಓದಿದವರು ನಾಲ್ಕು ಪುಸ್ತಕ ತಿರುವಿ, "ಇದು ಅಸಾಧ್ಯ" ಎಂದು ಕನ್ನಡಕ ಒರೆಸಿಕೊಳ್ಳುವ ಹೊತ್ತಿಗೆ ನಮ್ಮಂಥವರು ಅದನ್ನು ಅರ್ಧ ಮಾಡಿ, ಅರ್ಧ ಕೆಡಿಸಿ, ಕೈ ತೊಳೆದುಕೊಂಡಿರುತ್ತೇವೆ. ಇಲ್ಲದಿದ್ದರೆ, ಸಮುದ್ರವನ್ನು ಕಣ್ಣಿನಿಂದ ಕಂಡಿರದ ನಾನು ಹಾಸನದಲ್ಲಿ ಕುಳಿತು ಸಮುದ್ರದ ಮೀನು ಸಾಕಲು ಹೊರಡುತ್ತಿದ್ದೆನೇ?

ನನ್ನದು ಬೆಂಗಳೂರು ರಸ್ತೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಅರಕಲಗೂಡಿನಿಂದ ಬರಿಗೈಯಲ್ಲಿ ಬಂದು ಕಟ್ಟಿಕೊಂಡದ್ದು. ಗಾಜು ಕೊಯ್ಯುವುದರಲ್ಲಿ ನನ್ನನ್ನು ಮೀರಿಸುವವನು ಜಿಲ್ಲೆಯಲ್ಲಿಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾದರೆ ಆಯುಸ್ಸು ಸಾಲದು. ಮಂಗಳೂರಿನಿಂದ ಹೆಂಚು ಹೇರಿಕೊಂಡು ಬರುವ ಲಾರಿ ಡ್ರೈವರ್ ಇಬ್ರಾಯಿ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದ. ಅವನೊಮ್ಮೆ, "ನಿಮ್ಮ ಗಾಜಿನಲ್ಲಿ ಪೆಟ್ಟಿಗೆ ಮಾಡಿದರೆ ನೀರು ನಿಲ್ಲುತ್ತದಾ ಮಾರಾಯ್ರೆ? ನಿಂತರೆ ಸಮುದ್ರದ ಮೀನೇ ತಂದುಕೊಡುತ್ತೇನೆ, ಸಾಕುತ್ತೀರಾ?" ಎಂದು ಕೇಳಿದ. ನನ್ನ ಕೆಲಸಕ್ಕೆ ಅನುಮಾನವೇ! ವಾರದೊಳಗೆ ಒಂದು ಹನಿ ಸೋರದ ಗಾಜಿನ ತೊಟ್ಟಿ ಮಾಡಿ ನಡುಮನೆಯಲ್ಲಿಟ್ಟೆ. ಮುಂದಿನ ಸಲ ಇಬ್ರಾಯಿ ಸೀಮೆಎಣ್ಣೆ ಡಬ್ಬಗಳನ್ನು ತೊಳೆದು ಅವುಗಳಲ್ಲಿ ಸಮುದ್ರದ ನೀರನ್ನೂ, ಒಂದು ಡಬ್ಬದಲ್ಲಿ ಅಂಗೈಯಗಲದ ಮೀನನ್ನೂ ಘಟ್ಟ ಹತ್ತಿಸಿ ತಂದೇಬಿಟ್ಟ. ಹಳದಿ ಮೈ, ಅದರ ಮೇಲೆ ಕಪ್ಪು ಪಟ್ಟೆ. ತೊಟ್ಟಿಗೆ ಬಿಟ್ಟ ತಕ್ಷಣ ಅದು ಮೂಲೆಮೂಲೆಗೂ ಹೋಗಿ ಏನೋ ತಪ್ಪು ಹುಡುಕುವವನಂತೆ ಮೂತಿ ಉಜ್ಜಿ ನೋಡಿತು. ಅದಕ್ಕೇ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟೆ.

ಇನ್‌ಸ್ಪೆಕ್ಟರಿಗೆ ಉಸಿರಾಡಲು ಇಬ್ರಾಯಿಯೇ ಹಳೆಯ ಲಾರಿ ಟ್ಯೂಬು ಕೊಟ್ಟಿದ್ದ. ಸೈಕಲ್ ಪಂಪಿನಿಂದ ಗಾಳಿ ತುಂಬಿ ಸಣ್ಣ ರಬ್ಬರ್ ಕೊಳವೆಯಿಂದ ಬಿಟ್ಟರೆ ತೊಟ್ಟಿಯಲ್ಲಿ ಗುಳುಗುಳು ಎನ್ನುತ್ತಿತ್ತು. ಊಟಕ್ಕೆ ಎರೆಹುಳದ ಚೂರು. ನಮ್ಮವ್ವ ಮೊದಲ ದಿನ ತೊಟ್ಟಿಯ ಸುತ್ತ ಒಂದು ಸುತ್ತು ಬಂದು, "ಇದ್ನ ಯಾವತ್ಲಾ ಸಾರು ಮಾಡದು?" ಎಂದಳು. ಸಾಕುವುದಕ್ಕೆ ಎಂದು ತಿಳಿದ ಮೇಲೆ ಅವಳಿಗೆ ಮಗನ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಹೋಯಿತು. ಸಂಕ್ರಾಂತಿಗೆ ಚನ್ನರಾಯಪಟ್ಟಣದಿಂದ ಬಂದ ನನ್ನ ಭಾಮೈದ ಶಿವಣ್ಣನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ಇದು ಹೊಸತೊಡಕಿನಗಂಟ ಬದುಕಿದ್ರೆ, ಅವತ್ತು ನಿಮ್ಮನೇಲಿ ಕೂತು ಬರೀ ಸೊಪ್ಪಿನ ಸಾರು ಉಣ್ತೀನಿ, ಬರ್ಕೊ" ಎಂದ. ಯುಗಾದಿಯ ಮಾರನೆಯ ದಿನ ಊರಿಗೆ ಊರೇ ಮಾಂಸದ ಅಡುಗೆ ಉಣ್ಣುವಾಗ ಶಿವಣ್ಣ ಸೊಪ್ಪಿನ ಸಾರು ಉಣ್ಣುವುದೆಂದರೆ! ಆ ದೃಶ್ಯಕ್ಕಾಗಿ ನಾನು ಆ ಮೀನಿಗೆ ಜೋಗುಳ ಹಾಡಲೂ ಸಿದ್ಧನಿದ್ದೆ.

ಶಿವರಾತ್ರಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನೋಡುತ್ತೇನೆ, ಇನ್‌ಸ್ಪೆಕ್ಟರನ ಕಪ್ಪು ಪಟ್ಟೆಯ ಮೇಲೆ ರವೆ ಎರಚಿದ ಹಾಗೆ ಬಿಳಿ ಚುಕ್ಕೆ. ಗಾಜಿನ ಧೂಳಿರಬೇಕೆಂದು ತೊಟ್ಟಿಯನ್ನು ಹೊರಗಿನಿಂದ ಒರೆಸಿದೆ. ಚುಕ್ಕೆಗಳು ಮೀನಿನ ಜೊತೆಯಲ್ಲೇ ಈಜಿದವು. ಭೂತಗನ್ನಡಿ ತಂದು ನೋಡಿದೆ; ಒಂದೊಂದೂ ಉಪ್ಪಿನ ಹರಳಿನಂತೆ ಮೈಗೆ ಕಚ್ಚಿಕೊಂಡಿತ್ತು. ಮೀನು ತೊಟ್ಟಿಯ ತಳದ ಕಲ್ಲಿಗೆ ಮೈ ಉಜ್ಜುವುದು, ಬೆಟ್ಟ ಹತ್ತಿದವನಂತೆ ಕಿವಿರು ಬಡಿಯುವುದು, ಎರೆಹುಳ ಕೊಟ್ಟರೆ ಮುಖ ತಿರುಗಿಸುವುದು. ದನದ ಆಸ್ಪತ್ರೆಯ ಕಾಂಪೌಂಡರನ್ನು ಕಾಡಿಬೇಡಿ ಕರೆತಂದೆ. ಅವರು ಬಗ್ಗಿ ನೋಡಿ, "ಮೈಮೇಲಿನ ಹುಳ ಕಣ್ರೀ, ದನಕ್ಕೆ ಉಣ್ಣೆ ಇದ್ದಂಗೆ. ದನಕ್ಕಾದ್ರೆ ಹೊಗೆಸೊಪ್ಪಿನ ಕಷಾಯ ಹಚ್ಚಿ ಉಜ್ಜಿಸ್ತಿದ್ದೆ. ಇದನ್ನ ಹಿಡ್ಕೊಳ್ಳೋರು ಯಾರು?" ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಹಿಡಿದು ಉಜ್ಜುವುದೇಕೆ, ಕಷಾಯವನ್ನೇ ತೊಟ್ಟಿಗೆ ಸುರಿದರಾಯಿತು!

ಅಷ್ಟರಲ್ಲಿ ಅವ್ವ ಬಂದಳು. ತೊಟ್ಟಿಗೆ ಮುಖವಿಟ್ಟು ನೋಡಿದವಳು ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಬಡಿದುಕೊಂಡಳು. "ಅಯ್ಯೋ ಶಿವನೆ! ಉಣ್ಣೆಯಂತೆ, ಉಣ್ಣೆ! ಅಮ್ಮ ಬಂದವ್ಳೆ ಕಣ್ಲಾ! ಕೈ ಮುಗಿ ಮೊದ್ಲು!"

"ಅವ್ವ, ಮೀನಿಗೆಂಥ ಅಮ್ಮ, ಎಂಥ ಸಿಡುಬು?"

"ನಿಂಗೆ ಬರಬೌದು, ಅದುಕ್ ಬರಬಾರ್ದಾ? ಅದೇನು ಜೀವ ಅಲ್ವಾ? ಎಕ್ಕಡ ಆಚೆ ಬುಡು!"

ಅಲ್ಲಿಗೆ ಮನೆಯ ಆಡಳಿತ ಬದಲಾಯಿತು. ಬಾಗಿಲಿಗೂ ತೊಟ್ಟಿಗೂ ಬೇವಿನ ಸೊಪ್ಪು ಏರಿತು. ಒಗ್ಗರಣೆ ಬಂದ್, ಮಾಂಸ ಬಂದ್, ಜೋರು ಮಾತು ಬಂದ್. ನನ್ನ ಹೆಂಡತಿ ಜಯಮ್ಮ ದಿನವೂ ತಣ್ಣನೆಯ ಮೊಸರನ್ನ ಬಡಿಸಿ, "ಮೀನು ತಂದೋರು ನೀವೇ ಅಲ್ವಾ, ಉಣ್ಣಿ" ಎನ್ನುವಳು. ಸಾಸಿವೆ ಚಟಪಟ ಎನ್ನುವುದನ್ನು ಕೇಳಲು ನಾನು ಪಕ್ಕದ ಮನೆಯ ಗೋಡೆಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಅವ್ವ ಮೀನಿಗೂ ನಾಲ್ಕು ಅಗುಳು ಮೊಸರನ್ನ ಹಾಕಲು ಬಂದಳು. ಅದನ್ನು ತಡೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನಾನು ಮಾತ್ರ ಕಷಾಯದ ಹಟ ಬಿಡಲಿಲ್ಲ. ಹಾಸನದ ಅಂಗಡಿಗಳ ಹೊಗೆಸೊಪ್ಪು ನನ್ನ ಮೀನಿನ ಅಂತಸ್ತಿಗೆ ಸಾಲದೆಂದು ಬಸ್ಸು ಹತ್ತಿ ಹೊಳೆನರಸೀಪುರದ ಮೇಲೆ, ಹೊಗೆಸೊಪ್ಪು ಬೆಳೆಯುವ ರಾಮನಾಥಪುರಕ್ಕೇ ಹೋದೆ. ಘಾಟಿಗೆ ಬಸ್ಸಿನವರೆಲ್ಲ ಸೀನುವಂಥ ಸೊಪ್ಪು ಹೊತ್ತು ಸಂಜೆ ಮನೆಗೆ ಬಂದರೆ, ತೊಟ್ಟಿ ಖಾಲಿ! ಹಿತ್ತಲಲ್ಲಿ ಅವ್ವ ತಾಮ್ರದ ಕೊಳಗದ ಮುಂದೆ ಕೂತಿದ್ದಾಳೆ. ಅದರಲ್ಲಿ ಅರಿಸಿನ, ಬೇವು ಹಾಕಿದ ಬಾವಿಯ ನೀರು. ಆ ನೀರಿನಲ್ಲಿ ನನ್ನ ಇನ್‌ಸ್ಪೆಕ್ಟರ್.

"ಅವ್ವ! ಅದು ಸಮುದ್ರದ ಮೀನು! ಸಿಹಿ ನೀರಿಗೆ ಹಾಕಿದ್ರೆ ಸತ್ತೋಯ್ತದೆ!"

"ಅಮ್ಮ ಬಂದೋರ್ಗೆ ನೀರು ಹಾಕದೆ ಇನ್ನೇನ್ ಹಾಕ್ತಾರ್ಲಾ? ಇದು ಮೊದಲ್ನೇ ನೀರು. ಇನ್ನೆರಡು ನೀರು ಅದೆ. ಈಗ ತಾನೆ ಹಾಕಿವ್ನಿ, ಅರಚಬ್ಯಾಡ."

ಎರಡೂ ಕೈಯಲ್ಲಿ ಮೀನನ್ನು ಬಾಚಿಕೊಂಡು, ಸಮುದ್ರದ ನೀರು ಉಳಿದಿದ್ದ ಡಬ್ಬಕ್ಕೆ ಬಿಟ್ಟೆ. ಅದು ಒಂದು ಮಗ್ಗುಲಾಗಿ ತೇಲಿತು. ಶಿವಣ್ಣನ ನಗು ಚನ್ನರಾಯಪಟ್ಟಣದಿಂದ ನನ್ನ ಕಿವಿಗೆ ಕೇಳಿಸಿತು. ಆದರೆ ಶಿವಣ್ಣನನ್ನು ಮರೆತು, ಡಬ್ಬದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, "ಏಳೋ ಇನ್‌ಸ್ಪೆಕ್ಟ್ರೇ, ಏಳೋ" ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದು ನೆಟ್ಟಗಾಗಿ ಡಬ್ಬದ ತುಕ್ಕನ್ನು ಪರಿಶೀಲಿಸತೊಡಗಿತು. ಬೆಳಿಗ್ಗೆ ನೋಡಿದರೆ ಮೈಮೇಲಿನ ಚುಕ್ಕೆ ಅರ್ಧಕ್ಕರ್ಧ ಇಲ್ಲ! ನಾನು ಹೊಗೆಸೊಪ್ಪಿನ ಗಂಟನ್ನು ಸದ್ದಿಲ್ಲದೆ ಅಟ್ಟಕ್ಕೆ ಹಾಕಿದೆ. ಅವ್ವ ದಿನ ಬಿಟ್ಟು ದಿನ ಎರಡನೆಯ ನೀರು, ಮೂರನೆಯ ನೀರು ಹಾಕಿದಳು. ಅಮ್ಮ ಇದ್ದ ಮನೆಯ ಪಾತ್ರೆ ಹಾಗೆಯೇ ಇರಬಾರದೆಂದು, ಮೀನು ಡಬ್ಬದಲ್ಲೇ ಇರುವಾಗ ತೊಟ್ಟಿಯ ನೀರು ಚೆಲ್ಲಿಸಿ, ಉಜ್ಜಿಸಿ, ಬಿಸಿಲಿಗೆ ಒಣಗಿಸಿದಳು.

ಹೊಸ ನೀರು ತಂದ ಇಬ್ರಾಯಿ ಕಥೆ ಕೇಳಿ ತೊಡೆ ತಟ್ಟಿದ. "ಸರಿಯಾಗಿಯೇ ಉಂಟಲ್ಲ ಮಾರಾಯ್ರೆ! ನಮ್ಮಲ್ಲಿ ದೋಣಿಯ ತಳಕ್ಕೆ ಸಮುದ್ರದ ಹುಳ ಹಿಡಿದರೆ ಹೊಳೆಗೆ ತಂದು ಕಟ್ಟುತ್ತಾರೆ. ಸಿಹಿ ನೀರು ಕುಡಿದು ಹುಳ ಸಾಯುತ್ತದೆ. ಮೀನು ಸ್ವಲ್ಪ ಹೊತ್ತು ತಡೆಯುತ್ತದೆ, ಹುಳ ತಡೆಯುವುದಿಲ್ಲ. ಹೊಗೆಸೊಪ್ಪು ಹಾಕಿದ್ದರೆ ಹುಳಕ್ಕಿಂತ ಮೊದಲು ಮೀನೇ ಹೋಗುತ್ತಿತ್ತು." ನಾನು ಗಂಭೀರವಾಗಿ, "ಅದಕ್ಕೇ ನಾನು ಹಾಕಲಿಲ್ಲ" ಎಂದೆ. ಜಯಮ್ಮ ಒಳಗಿನಿಂದ ಕೆಮ್ಮಿದಳು. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ದೇವರ ಪಟದ ಜೊತೆಗೆ ಮೀನಿನ ವೈದ್ಯವನ್ನೂ ಕಟ್ಟು ಹಾಕಿ ಕೊಡತೊಡಗಿದೆ. ಕೊಳಗದ ವಿಷಯ ಹೇಳುತ್ತಿದ್ದೆ. ಕೊಳಗದ ಮುಂದೆ ಕೂತಿದ್ದವಳ ವಿಷಯ ಬಾಯಿಗೆ ಬರುತ್ತಿರಲಿಲ್ಲ.

ಯುಗಾದಿ ಬಂತು. ಇನ್‌ಸ್ಪೆಕ್ಟರ್ ಮಿರಮಿರ ಮಿಂಚುತ್ತಿದ್ದ. ಆದರೆ ಹಬ್ಬದ ಎಣ್ಣೆನೀರಿಗೆಂದು ಅಂಗಿ ಬಿಚ್ಚಿದ ನನ್ನ ಬೆನ್ನು ನೋಡಿ ಅವ್ವ ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಬಡಿದುಕೊಂಡಳು. ಈ ಸಲ ವಾದಕ್ಕೆ ಅವಕಾಶವೇ ಇರಲಿಲ್ಲ. ಅಪ್ಪಟ ಸೀತಾಳೆ ಸಿಡುಬು, ಅದೂ ನನಗೇ.

ಹೊಸತೊಡಕಿನ ದಿನ ಶಿವಣ್ಣ ಮಾತಿಗೆ ತಪ್ಪದೆ ಬಂದ. ಬಾಗಿಲಿನ ಬೇವು ನೋಡಿ ಹೊರಗೇ ನಿಂತು ಕಿಟಕಿಯಿಂದ ಇಣುಕಿದ. ಮೊದಲು ಮೀನನ್ನು ನೋಡಿದ, ಆಮೇಲೆ ನನ್ನನ್ನು. "ಗೆದ್ದೆ ಕಣ್ ಭಾವ, ಒಪ್ಕೊಂಡೆ. ಆದ್ರೆ ಒಗ್ಗರಣೆ ಇಲ್ದ ಮನೇಲಿ ಸೊಪ್ಪಿನ ಸಾರು ಎಂಗ್ ಉಣ್ಲಿ? ಊರಲ್ಲಿ ಕುರಿಮರಿ ಕೂಯ್ದವ್ರೆ, ಮಧ್ಯಾಹ್ನದ ಬಸ್ಸಿಗೆ ಓಯ್ತೀನಿ. ಹುಸಾರು" ಎಂದು ಹೊರಟೇಬಿಟ್ಟ.

ಬೇವಿನ ಸೊಪ್ಪಿನ ಮೇಲೆ ಮಲಗಿ ನಾನು, "ಅವ್ವ, ಒಂಚೂರು ಸಾಸಿವೆನಾದ್ರೂ..." ಎಂದೆ. "ಆ ಮೀನೇ ವಾಸಿ ಕಣ್ಲಾ, ಒಂದು ದಿನಕ್ಕೂ ಬಾಯಿ ಬುಡ್ಲಿಲ್ಲ" ಎಂದು ಅವ್ವ ಮೊಸರನ್ನದ ತಟ್ಟೆಯನ್ನು ಮುಂದಿಟ್ಟಳು. ಆಮೇಲೆ, "ಮೀನ್ಗೆ ಒಂದ್ಸಲ ಅಮ್ಮ ಬಂದೋಗವ್ಳೆ, ತಿನ್ಲಿ ಬುಡು" ಎನ್ನುತ್ತ ಹಿತ್ತಲಿನಿಂದ ದಪ್ಪನೆಯ ಎರೆಹುಳ ತಂದು ತೊಟ್ಟಿಗೆ ಹಾಕಿದಳು. ಇನ್‌ಸ್ಪೆಕ್ಟರ್ ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಅಗಿದ. ಆ ವರ್ಷದ ಹೊಸತೊಡಕಿನಲ್ಲಿ ನಮ್ಮ ಮನೆಯಲ್ಲಿ ಮಾಂಸ ಉಂಡವನು ಅವನೊಬ್ಬನೇ.